ಔರಾದಿನ ಪಟ್ಟಿಯಲ್ಲಿ ಬಂದ ಸೊನ್ನೆ

2002ರ ಕೊನೆಯಲ್ಲಿ ನಾನು ಬೀದರ್ ನಗರದ ಅಂಚಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪ್ರೋಗ್ರಾಮರ್ ಆಗಿ ಕೆಲಸಕ್ಕೆ ಸೇರಿದೆ. ಆಗ ನನಗೆ ಇಪ್ಪತ್ತಾರು ವರ್ಷ. ಕೆಲಸ ಕೊಟ್ಟದ್ದು ಯಾವುದೇ ಕಾರ್ಖಾನೆಯವರಲ್ಲ. ಬಾಡಿಗೆಯ ಗೋದಾಮೊಂದರಲ್ಲಿ ಕಚೇರಿ ಮಾಡಿಕೊಂಡು, ನೀರಿಲ್ಲದ ಹಳ್ಳಿಗಳಿಗೆ ಟ್ಯಾಂಕರ್ ಕಳಿಸುತ್ತಿದ್ದ ಒಂದು ಸೇವಾ ಸಂಸ್ಥೆ. ಆ ಸಂಸ್ಥೆ ಈಗ ಇಲ್ಲ. ಮಳೆ ಸರಿಯಾಗಿ ಬಾರದೆ ಆಗಲೇ ಎರಡು ವರ್ಷವಾಗಿತ್ತು. ಭಾಲ್ಕಿ, ಔರಾದ್ ತಾಲ್ಲೂಕುಗಳ ಜನ ಹೈದರಾಬಾದಿಗೆ, ಪುಣೆಗೆ, ಇಟ್ಟಿಗೆ ಭಟ್ಟಿಗಳಿಗೆ ಗುಳೆ ಹೋಗುತ್ತಿದ್ದರು. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಹಾಸಿಗೆ ಸುರುಳಿ, ಪಾತ್ರೆಯ ಚೀಲ ಇಟ್ಟುಕೊಂಡು ಕೂತ ಕುಟುಂಬಗಳನ್ನು ದಾಟಿಯೇ ನಾನು ಕೊಳಾರದ ಆಟೊ ಹಿಡಿಯಬೇಕಿತ್ತು.

ನನಗಿಂತ ಮುಂಚೆ ಇದ್ದ ಪ್ರೋಗ್ರಾಮರ್ ಎರಡು ಪುಟದ ಟಿಪ್ಪಣಿ ಬರೆದಿಟ್ಟು ಕೆಲಸ ಬಿಟ್ಟಿದ್ದ. ಅವನನ್ನು ನಾನು ನೋಡಲೇ ಇಲ್ಲ. ಗೋದಾಮಿನಲ್ಲಿ ಹದಿನಾಲ್ಕು ಮಂದಿ ಟ್ಯಾಂಕರ್ ಚಾಲಕರು, ಡೀಸೆಲ್ ದಾಖಲೆ ನೋಡುವ ಒಬ್ಬರು ಹಿರಿಯರು, ಇಡೀ ಕೆಲಸದ ಹೊಣೆ ಹೊತ್ತ ಸಂಚಾಲಕ ವಿಶ್ವನಾಥ ಸರ್, ಮತ್ತು ನಾನು. ನನ್ನ ಕೆಲಸ ಏನೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಅವರಿಗೆ ಇರಲಿಲ್ಲ. ಚಿದ್ರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಭಾನುವಾರ ಬೆಳಿಗ್ಗೆ ಬುದ್ಧ ವಿಹಾರಕ್ಕೆ ಹೋಗಿ ವಂದನೆ ಮುಗಿಸಿ ಬಂದರೆ ಆ ದಿನದ ಮಾತು ಮುಗಿಯಿತು. ಭಾಲ್ಕಿ ಹತ್ತಿರದ ನಮ್ಮ ಊರಿನಲ್ಲಿ ಶಾಲಾ ಮಾಸ್ತರರಾಗಿದ್ದ ಅಪ್ಪ ವಾರಕ್ಕೊಮ್ಮೆ ಫೋನಿನಲ್ಲಿ, "ಸುಜಾತಾ, ಇವತ್ತ ಏನ್ ಮಾಡಿದಿ?" ಎಂದು ಕೇಳುತ್ತಿದ್ದರು. "ಕಂಪ್ಯೂಟರ್ ಕೆಲಸ ರಿ ಅಪ್ಪಾ" ಎಂದರೆ ಅವರು ಮಳೆಯ ಮಾತಿಗೆ ಹೋಗುತ್ತಿದ್ದರು.

ಕೆಲಸ ಏನೆಂದು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮೂರು ಪ್ರೋಗ್ರಾಮುಗಳಿದ್ದವು. ಮೊದಲನೆಯದು ಭಾಲ್ಕಿ ಮತ್ತು ಔರಾದ್ ಕೇಂದ್ರಗಳಲ್ಲಿ ಯಾವ ಊರಿಗೆ ಎಷ್ಟು ಲೀಟರ್ ನೀರು ಹೋಯಿತೆಂದು ದಾಖಲಿಸುವುದು. ಎರಡನೆಯದು ಆ ದಾಖಲೆಗಳನ್ನು ಬೀದರಿನಲ್ಲಿ ಒಟ್ಟುಗೂಡಿಸಿ ವಾರದ ಪಟ್ಟಿ ಅಚ್ಚು ಮಾಡುವುದು. ಮೂರನೆಯದು ಡೀಸೆಲ್‌ನದು. ಕಂಪ್ಯೂಟರುಗಳೆಲ್ಲ ಯಾರೋ ದಾನ ಕೊಟ್ಟ ಹಳೆಯವು. ಬೀದರ್ ಮತ್ತು ಭಾಲ್ಕಿಯ ಯಂತ್ರಗಳು ಒಂದು ಮಟ್ಟಿಗೆ ಹೊಸವು. ಔರಾದಿನದು ಮಾತ್ರ ತೀರ ಹಳೆಯದು; ಅಲ್ಲಿದ್ದ ಹೊಸದು ಕರೆಂಟಿನ ಏರುಪೇರಿನಲ್ಲಿ ಸುಟ್ಟುಹೋಗಿ, ಮೂಲೆ ಸೇರಿದ್ದನ್ನು ಮತ್ತೆ ಹೊರಗೆ ತೆಗೆದಿದ್ದರು.

ಪ್ರೋಗ್ರಾಮರ್ ಬರೆದದ್ದನ್ನು ಯಂತ್ರ ನೇರವಾಗಿ ಓದಲಾರದು. ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವೇ ಕಂಪೈಲರ್. ಔರಾದಿನ ಹಳೆಯ ಯಂತ್ರಕ್ಕೆ ಒಂದು ಹಳೆಯ ಕಂಪೈಲರ್, ಉಳಿದೆರಡು ಕಡೆಗೆ ಒಂದು ಹೊಸ ಕಂಪೈಲರ್ ಬೇಕಾಗಿತ್ತು. ಮೂರು ಪ್ರೋಗ್ರಾಮು, ಎರಡು ಕಂಪೈಲರು, ನಲವತ್ತಕ್ಕೂ ಹೆಚ್ಚು ಫೈಲುಗಳು. ಯಾವುದನ್ನು ಬದಲಿಸಿದರೆ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕೆಂದು ತಲೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಅದಕ್ಕಾಗಿ ಇರುವುದು ಬಿಲ್ಡ್ ಟೂಲ್. ಯಾವ ಫೈಲು ಯಾವ ಫೈಲನ್ನು ಅವಲಂಬಿಸಿದೆ ಎಂದು ನಾವು ಒಂದು ಕಡೆ ಬರೆದಿಟ್ಟರೆ, ಅದು ಫೈಲುಗಳ ದಿನಾಂಕ, ವೇಳೆ ಹೋಲಿಸಿ ನೋಡಿ, ಬದಲಾದವನ್ನು ಮಾತ್ರ ಮತ್ತೆ ಕಂಪೈಲ್ ಮಾಡುತ್ತದೆ. ಬದಲಾವಣೆ ಏನೂ ಕಾಣದಿದ್ದರೆ 'ಅಪ್ ಟು ಡೇಟ್' ಎಂದು ಪರದೆಯ ಮೇಲೆ ತೋರಿಸಿ ಸುಮ್ಮನಾಗುತ್ತದೆ.

ನನ್ನ ಹಿಂದಿನವನು ಇದನ್ನೆಲ್ಲ ಕೈಯಾರೆ ಮಾಡುತ್ತಿದ್ದ. ನಾನು ಜನವರಿಯ ಮೂರು ವಾರ ಕೂತು, ಮೂರೂ ಪ್ರೋಗ್ರಾಮುಗಳಿಗೂ ಎರಡೂ ಕಂಪೈಲರುಗಳಿಗೂ ಸೇರಿ ಒಂದೇ ಬಿಲ್ಡ್ ವ್ಯವಸ್ಥೆ ಮಾಡಿದೆ. ಒಂದು ಆದೇಶ ಟೈಪ್ ಮಾಡಿದರೆ ಸಾಕು, ಮೂರೂ ಕಡೆಗೆ ಬೇಕಾದದ್ದು ತಾನೇ ತಯಾರಾಗುತ್ತಿತ್ತು. ಮೊದಲ ಸಲ ಅದು ತಪ್ಪಿಲ್ಲದೆ ಮುಗಿದಾಗ ಯಾರಿಗಾದರೂ ತೋರಿಸಬೇಕೆನಿಸಿ ಸುತ್ತ ನೋಡಿದೆ. ಡೀಸೆಲ್ ದಾಖಲೆಯ ಹಿರಿಯರು ಊಟದ ಡಬ್ಬಿ ಬಿಚ್ಚುತ್ತಿದ್ದರು. ನಾನು ಪರದೆಯ ಕಡೆ ತಿರುಗಿ ಇನ್ನೊಮ್ಮೆ ಅದೇ ಆದೇಶ ಕೊಟ್ಟು, ಇನ್ನೊಮ್ಮೆ ನೋಡಿದೆ.

ಅದೇ ದಿನಗಳಲ್ಲಿ ಬೀದರಿನ ಪಟ್ಟಿಯ ಪ್ರೋಗ್ರಾಮಿಗೆ ಒಂದು ಸಣ್ಣ ಮುನ್ನೆಚ್ಚರಿಕೆಯನ್ನೂ ಸೇರಿಸಿದ್ದೆ. ಹೋದ ನೀರಿನ ಲೆಕ್ಕ ಮೈನಸ್ ಆಗಲು ಸಾಧ್ಯವಿಲ್ಲ. ಯಾರಾದರೂ ಕೈತಪ್ಪಿ ಮೈನಸ್ ಒತ್ತಿದರೆ ಒಟ್ಟು ಮೊತ್ತ ಕೆಡುತ್ತದೆ. ಆದ್ದರಿಂದ ಮೈನಸ್ ಬಂದರೆ ಅದನ್ನು ಸೊನ್ನೆ ಎಂದು ತೆಗೆದುಕೊಳ್ಳಲಿ ಎಂದು ಬರೆದೆ. ಒಂದೇ ಸಾಲು. ಬರೆದದ್ದು ನೆನಪಿಡುವಷ್ಟು ದೊಡ್ಡದೂ ಆಗಿರಲಿಲ್ಲ.

ಮಾರ್ಚಿನಲ್ಲಿ ಬಿಸಿಲು ಏರಿತು. ವಾರಕ್ಕೆ ಮೂರು ಸಲ ಟ್ಯಾಂಕರ್ ಹೋಗುತ್ತಿದ್ದ ಊರುಗಳಿಗೆ ಏಪ್ರಿಲ್‌ನಿಂದ ದಿನವೂ ಹೋಗಬೇಕೆಂದು ತೀರ್ಮಾನವಾಯಿತು. ಪ್ರತಿ ಟ್ಯಾಂಕರಿನಲ್ಲಿ ಐದು ಸಾವಿರ ಲೀಟರ್. ಅಂದರೆ ವಾರಕ್ಕೆ ಮೂವತ್ತೈದು ಸಾವಿರ. ಅದನ್ನು ಕೇಳಿದ ಕೂಡಲೇ ನನಗೊಂದು ವಿಷಯ ಹೊಳೆಯಿತು. ಔರಾದಿನ ಹಳೆಯ ಕಂಪೈಲರಿನಲ್ಲಿ ಸಾಮಾನ್ಯ ಪೂರ್ಣಾಂಕದ ಮಿತಿ 32,767. ಅದನ್ನು ದಾಟಿದರೆ ಸಂಖ್ಯೆ ತಿರುಗಿ ಮೈನಸ್ ಆಗುತ್ತದೆ. ಹೊಸ ಕಂಪೈಲರಿನಲ್ಲಿ ಮಿತಿ ಇನ್ನೂರು ಕೋಟಿಗೂ ಮೇಲೆ, ಅಲ್ಲಿ ಚಿಂತೆಯಿಲ್ಲ. ಲೀಟರಿನ ಅಳತೆಗೆ ಸಂಬಂಧಿಸಿದ ಎಲ್ಲ ವಿವರವೂ ಒಂದೇ ಹೆಡರ್ ಫೈಲಿನಲ್ಲಿತ್ತು. ಹೆಡರ್ ಫೈಲ್ ಎಂದರೆ ಉಳಿದ ಫೈಲುಗಳೆಲ್ಲ ನೋಡಿಕೊಳ್ಳುವ ಒಂದು ಸಾಮಾನ್ಯ ಫೈಲು. ಅದರಲ್ಲಿ ಆ ಅಳತೆಯನ್ನು ದೊಡ್ಡ ಪೂರ್ಣಾಂಕವಾಗಿ ಬದಲಿಸಿ, ಬಿಲ್ಡ್ ಆದೇಶ ಕೊಟ್ಟೆ. ಹೊಸ ಕಂಪೈಲರಿನ ಸಾಲುಗಳು ಸರಸರನೆ ಹರಿದವು. ಕೊನೆಯಲ್ಲಿ ಔರಾದಿನ ಪ್ರೋಗ್ರಾಮಿನ ಹೆಸರು ಬಂದು, ಅದರ ಮುಂದೆ 'ಅಪ್ ಟು ಡೇಟ್' ಎಂದು ಕಂಡಿತು. ಎಲ್ಲ ಮುಗಿಯಿತೆಂದು ನಾನು ಓದಿಕೊಂಡೆ.

ತೊಂದರೆ ಬರುವ ಮುಂಚೆಯೇ ತಡೆದೆನೆಂಬ ಸಂತೋಷದಲ್ಲಿ ಎರಡು ಫ್ಲಾಪಿ ತಯಾರಿಸಿ, ಒಂದನ್ನು ಭಾಲ್ಕಿಗೆ, ಒಂದನ್ನು ಔರಾದಿಗೆ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಮರುದಿನ ಔರಾದ್ ಕೇಂದ್ರದ ಆಪರೇಟರ್ ಶಿವರಾಜ ಫೋನ್ ಮಾಡಿದ.

"ಮೇಡಂ, ಫ್ಲಾಪಿ ಹಾಕೀನಿ ರಿ. ಆದ್ರ ಫೈಲಿನ ತಾರೀಖು ಜನವರೀದೇ ಅದ. ಇದು ಹಳೇದೇ ಅಲ್ಲೇನ್ರಿ?"

ಹಳೆಯ ಯಂತ್ರಗಳ ಗಡಿಯಾರ ತಪ್ಪು ತೋರಿಸುವುದು ಸಾಮಾನ್ಯ. ಅದನ್ನೇ ಹೇಳಿದೆ. "ತಾರೀಖು ನೋಡಬ್ಯಾಡ್ರಿ ಶಿವರಾಜ, ಹಾಕಿ ಬಿಡ್ರಿ" ಎಂದೆ. ಅವನು "ಆಯ್ತ್ರಿ" ಎಂದು ಫೋನ್ ಇಟ್ಟ.

ಏಪ್ರಿಲ್ ಮೊದಲ ವಾರದ ಪಟ್ಟಿಯಲ್ಲಿ ಔರಾದ್ ತಾಲ್ಲೂಕಿನ ನಾಲ್ಕು ಜಾಗಗಳ ಮುಂದೆ ಸೊನ್ನೆ ಇತ್ತು. ಎರಡನೇ ವಾರವೂ ಅಷ್ಟೇ. ಆಗ ಊರುಗಳು ಖಾಲಿಯಾಗುತ್ತಲೇ ಇದ್ದವು. ಟ್ಯಾಂಕರುಗಳು ಕಡಿಮೆ, ಕೇಳುವ ಊರುಗಳು ಹೆಚ್ಚು. ಎರಡು ವಾರ ನೀರೇ ತೆಗೆದುಕೊಳ್ಳದ ಜಾಗದಲ್ಲಿ ಜನ ಗುಳೆ ಹೋಗಿದ್ದಾರೆಂದು ತಿಳಿದು, ಅಲ್ಲಿಯ ಸರದಿಯನ್ನು ಬೇರೆ ಊರಿಗೆ ಕೊಡಬೇಕೆಂಬುದು ನಮ್ಮ ಸಂಸ್ಥೆಯ ನಿಯಮ. ಆ ನಾಲ್ಕಕ್ಕೂ ಟ್ಯಾಂಕರ್ ನಿಂತಿತು. ಅವುಗಳಲ್ಲಿ ಒಂದು, ಚಿಂತಾಕಿ ಊರಿನಿಂದ ಎರಡು ಕಿಲೋಮೀಟರ್ ಆಚೆ ಇದ್ದ, ಕುರಿ ಸಾಕುವವರ ಮೂವತ್ತು ಮನೆಗಳ ಓಣಿ.

ಆದರೆ ವಿಶ್ವನಾಥ ಸರ್ ಡೀಸೆಲ್ ದಾಖಲೆ ನೋಡಿದಾಗ ಒಂದು ವಿಷಯ ಹೊಂದಿಕೆಯಾಗಲಿಲ್ಲ. ಆ ಓಣಿಗೆ ಹೋಗುತ್ತಿದ್ದ ಚಾಲಕ ಮೈಬೂಬ್‌ಸಾಬ್ ಹದಿನಾಲ್ಕು ದಿನವೂ ಗಾಡಿ ತೆಗೆದುಕೊಂಡು ಹೋಗಿದ್ದಾಗಿ ಬರೆದಿತ್ತು. ಉಳಿದ ಮೂರು ಜಾಗಗಳಿಗೆ ಹೋಗುವ ಗಾಡಿಗಳು ಅದೇ ದಿನ ಬೇರೆ ಊರುಗಳಿಗೂ ಹೋಗುತ್ತಿದ್ದುದರಿಂದ ಅವುಗಳ ಡೀಸೆಲ್‌ನಲ್ಲಿ ಈ ವ್ಯತ್ಯಾಸ ಕಾಣುತ್ತಿರಲಿಲ್ಲ. ಮೈಬೂಬ್‌ಸಾಬ್ ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಸರ್ ನನ್ನನ್ನು ಕರೆದು ಕೇಳಿದರು.

"ಸುಜಾತಾ, ಡೀಸೆಲ್ ಹೋಗ್ಯಾದ, ನೀರ್ ಮಾತ್ರ ಹೋಗಿಲ್ಲ ಅಂತದ ನಿಮ್ಮ ಲಿಸ್ಟು. ಎರಡರಾಗ ಯಾವುದು ಖರೆ?"

ನಾನು ಒಂದು ದಿನದ ಸಮಯ ಕೇಳಿದೆ. ಬೀದರಿನ ಯಂತ್ರದಲ್ಲಿ ಅದೇ ಅಂಕಿಗಳನ್ನು ಹಾಕಿ ನೋಡಿದೆ. ಮೂವತ್ತೈದು ಸಾವಿರ ಸರಿಯಾಗಿ ಬಂತು. ಭಾಲ್ಕಿಗೆ ಫೋನ್ ಮಾಡಿ ಅಲ್ಲಿಯೂ ನೋಡಿಸಿದೆ; ಸರಿಯಾಗಿತ್ತು. ಔರಾದಿನದನ್ನು ನೋಡಲಿಲ್ಲ. ಮೂರೂ ಕಡೆಗೆ ಅದೇ ಮೂಲ ಬರಹ, ಅದೇ ಬಿಲ್ಡ್, ನಾನೇ ತಿದ್ದಿದ್ದು; ಅಲ್ಲಿಯೂ ಸರಿಯೇ ಇರುತ್ತದೆ ಎಂದುಕೊಂಡೆ. ಸರ್ ಹತ್ತಿರ ಹೋಗಿ, "ಪ್ರೋಗ್ರಾಮ್ ಸರಿ ಅದ ಸರ್, ನಾ ಚೆಕ್ ಮಾಡೀನಿ" ಎಂದೆ. ಆ ಮಾತಿನ ಅರ್ಥ ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮೈಬೂಬ್‌ಸಾಬ್ ನೀರನ್ನು ದಾರಿಯಲ್ಲಿ ಬೇರೆಯವರಿಗೆ ಮಾರಿಕೊಂಡಿದ್ದಾರೆ ಎಂದು ಅದರ ಅರ್ಥ. ಅಂದೇ ಸರ್ ಉಳಿದ ಹದಿಮೂರು ಚಾಲಕರ ಎದುರಿನಲ್ಲಿ ಮೈಬೂಬ್‌ಸಾಬರ ಕೈಯಿಂದ ಗಾಡಿಯ ಕೀಲಿ ತೆಗೆದುಕೊಂಡರು. ನಾನು ಒಳಗೆ ಕಂಪ್ಯೂಟರ್ ಮುಂದೆ ಕೂತಿದ್ದೆ. ಅವರು ಜಗಳ ಮಾಡಿದ ಸದ್ದು ಕೇಳಲಿಲ್ಲ.

ಒಂಬತ್ತು ದಿನಗಳ ನಂತರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಮೈಬೂಬ್‌ಸಾಬ್ ನನ್ನ ಮೇಜಿನ ಮುಂದೆ ಬಂದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ನೀರು ಇಳಿಸಿದ ಕಡೆ ಯಾರಾದರೊಬ್ಬರ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳುವ ಚೀಟಿಗಳವು. ಔರಾದಿನಲ್ಲಿ ದಾಖಲಿಸಿದ ಮೇಲೆ ಅವನ್ನು ಯಾರೂ ಕೇಳುತ್ತಿರಲಿಲ್ಲ.

"ಮೇಡಂ, ಇವು ಹದಿನಾಲ್ಕ ಅವ. ಎಣಿಸ್ರಿ."

ಎಣಿಸಿದೆ. ಹದಿನಾಲ್ಕು ಇದ್ದವು. ಎಲ್ಲದರ ಮೇಲೂ ಒಂದೇ ಹೆಬ್ಬೆಟ್ಟು.

"ನರಸಮ್ಮ ಅಂತ ಒಬ್ಬಾಕಿ ಇದ್ದಾಳ ಆ ಓಣಿಯಾಗ. ದಿನಾ ಆಕೀನೇ ಒತ್ತತಿದ್ಲು. ನಾ ನೀರ್ ಮಾರ್ಕೊಂಡೀನಿ ಅಂತ ನಿಮ್ಮ ಮಷೀನ್ ಅಂದದ. ಮಷೀನಿಗಿ ನಾ ಏನ್ ಜವಾಬ್ ಕೊಡ್ಲಿ ರಿ? ನೀವು ಹೋಗಿ ಆಕೀಗಿ ಕೇಳ್ರಿ. ನಂದು ಅಷ್ಟೇ ಅದ."

ಅವರು ಕೂರಲಿಲ್ಲ. ಚೀಟಿಗಳನ್ನು ಅಲ್ಲೇ ಬಿಟ್ಟು ಹೋದರು.

ಅಷ್ಟು ದಿನದಲ್ಲಿ ಮೊದಲ ಬಾರಿಗೆ ನನಗೆ ಹೆದರಿಕೆಯಾಯಿತು. ಮಧ್ಯಾಹ್ನದ ಬಸ್ಸಿಗೆ ಔರಾದಿಗೆ ಹೊರಟೆ. ಸಂತಪುರ ದಾಟುವಾಗ ಎರಡೂ ಕಡೆ ಹೊಲಗಳು ಖಾಲಿ ಬಿದ್ದಿದ್ದವು. ಬಸ್ಸಿನಲ್ಲಿ ನಾನು, ಇನ್ನು ಐದಾರು ಮಂದಿ. ಎದುರಿನಿಂದ ಬೀದರ್ ಕಡೆಗೆ ಬರುತ್ತಿದ್ದ ಬಸ್ಸುಗಳು ಮಾತ್ರ ತುಂಬಿ ಬರುತ್ತಿದ್ದವು.

ಔರಾದ್ ಕೇಂದ್ರದಲ್ಲಿ ಶಿವರಾಜನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೈಬೂಬ್‌ಸಾಬರ ಮೊದಲ ವಾರದ ಏಳು ಚೀಟಿಗಳನ್ನು ನಾನೇ ಒಂದೊಂದಾಗಿ ಟೈಪ್ ಮಾಡಿದೆ. ಸೋಮವಾರ, ಐದು ಸಾವಿರ. ಮಂಗಳವಾರ, ಒಟ್ಟು ಹತ್ತು ಸಾವಿರ. ಶನಿವಾರಕ್ಕೆ ಮೂವತ್ತು ಸಾವಿರ. ಎಲ್ಲವೂ ಸರಿಯಾಗಿತ್ತು. ಭಾನುವಾರದ ಚೀಟಿ ಹಾಕಿ ಎಂಟರ್ ಒತ್ತಿದೆ. ಒಟ್ಟು ಲೀಟರ್ ಎಂಬಲ್ಲಿ −30536 ಎಂದು ಬಂತು.

ಶಿವರಾಜ ಪರದೆಯ ಹತ್ತಿರ ಬಾಗಿ, "ಮುಂದ ಆ ಗೀಟು ಯಾಕ ಬಂತ್ರಿ ಮೇಡಂ? ಒಟ್ಟು ನಾ ಯಾವತ್ತೂ ನೋಡೇ ಇಲ್ರಿ" ಎಂದು ಕೇಳಿದ.

ಪ್ರೋಗ್ರಾಮ್ ಫೈಲಿನ ದಿನಾಂಕ ತೆಗೆದು ನೋಡಿದೆ. ಜನವರಿ. ಗಡಿಯಾರ ಸರಿಯಾಗಿಯೇ ಇತ್ತು. ಶಿವರಾಜ ಮಾರ್ಚಿನಲ್ಲಿ ಹೇಳಿದ್ದೂ ಸರಿಯಾಗಿಯೇ ಇತ್ತು. ನಾನು ಅವನಿಗೆ ಕಳಿಸಿದ್ದು ಹಳೆಯ ಪ್ರೋಗ್ರಾಮನ್ನೇ. ವಾರದಲ್ಲಿ ಒಂದು ದಿನ ಟ್ಯಾಂಕರ್ ತಪ್ಪಿದ್ದ ಊರುಗಳ ಲೆಕ್ಕ ಮೂವತ್ತು ಸಾವಿರಕ್ಕೆ ನಿಂತು ಸರಿಯಾಗಿಯೇ ಬೀದರಿಗೆ ಬಂದಿತ್ತು. ಏಳೂ ದಿನ ನೀರು ಬೇಕಾಗಿದ್ದ ಊರುಗಳ ಲೆಕ್ಕ ಮೈನಸ್ ಆಗಿ ಹೋಗಿ, ಬೀದರಿನಲ್ಲಿ ನಾನು ಬರೆದಿದ್ದ ಆ ಒಂದು ಸಾಲು ಅದನ್ನು ಸೊನ್ನೆ ಮಾಡಿತ್ತು. ನೀರಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಿದ್ದ ಜಾಗಗಳನ್ನೇ ಹುಡುಕಿ ತೆಗೆದುಹಾಕಿದ ಹಾಗೆ ಆಗಿತ್ತು.

ಶಿವರಾಜನ ಮೋಟಾರ್ ಸೈಕಲ್ ಮೇಲೆ ಚಿಂತಾಕಿಗೆ, ಅಲ್ಲಿಂದ ಆ ಓಣಿಗೆ ಹೋದೆವು. ಇಳಿಬಿಸಿಲು. ರಸ್ತೆಯ ಪಕ್ಕದಲ್ಲಿ ನೀರು ತುಂಬಿಸಿಡುವ ಪ್ಲಾಸ್ಟಿಕ್ ಡ್ರಮ್ಮುಗಳು ಸಾಲಾಗಿ ಬೋರಲು ಬಿದ್ದಿದ್ದವು. ಬೀಗ ಹಾಕಿದ ಮನೆಗಳನ್ನು ಎಣಿಸಿದೆ, ಹನ್ನೊಂದು. ನರಸಮ್ಮ ತನ್ನ ಮನೆಯ ಮುಂದೆ ಕೂತು ಕುರಿಮರಿಯೊಂದಕ್ಕೆ ಬಟ್ಟಲಿನಲ್ಲಿ ನೀರು ಕುಡಿಸುತ್ತಿದ್ದರು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಾವು ಬೀದರಿನಿಂದ ಬಂದ ನೀರಿನವರು ಎಂದ ಕೂಡಲೇ ಬಟ್ಟಲು ಕೆಳಗಿಟ್ಟರು.

"ಮೈಬೂಬ್‌ಸಾಬ್ ಛಲೋ ಅದಾನೇನು? ಜಡ್ಡಾಗ್ಯಾನ ಅಂತ ತಿಳ್ದಿದ್ದೆವು. ಇಲ್ಲಂದ್ರ ಅಂವ ಬಿಡಾಂವ ಅಲ್ಲ."

ಅವರು ಆರಾಮಾಗಿದ್ದಾರೆ, ತಪ್ಪು ಕಚೇರಿಯದು ಎಂದೆ. ಈ ಬೀಗ ಹಾಕಿದ ಮನೆಯವರು ಯಾವಾಗ ಹೋದರು ಎಂದು ಕೇಳಿದೆ.

"ಈಗ ನಾಕ್ ದಿನ, ಐದ್ ದಿನ ಆಯ್ತು. ಈ ವರ್ಷ ಹೋಗೂದಿಲ್ಲ, ಇಲ್ಲೇ ಇರ್ತೇವಿ ಅಂತ ಎಲ್ಲಾರೂ ಕೂತು ಮಾತಾಡಿದ್ದೆವು ತಂಗೀ. ನೀರ್ ಬರ್ತದಲ್ಲ ಅಂತ. ಒಂದ್ ವಾರ ಚಿಂತಾಕಿಯಿಂದ ಹೊತ್ತೆವು. ಕುರಿಗಿ ಹ್ಯಾಂಗ ಹೊರಬೇಕು? ನನ ಮಗಾ ಸೊಸಿ ಮೊನ್ನಿ ಹೋದ್ರು, ಹೈದ್ರಾಬಾದಿಗಿ. ಮೊಮ್ಮಗಳು ಸಾಲಿ ಬಿಟ್ಟು ಹೋದ್ಲು."

ಈ ಓಣಿಯವರು ಹೊರಟುಹೋಗಿದ್ದಾರೆ ಎಂದು ನಮ್ಮ ಪಟ್ಟಿ ಹೇಳಿದಾಗ ಅವರೆಲ್ಲ ಅಲ್ಲೇ ಇದ್ದರು. ಪಟ್ಟಿಯನ್ನು ನಂಬಿ ನಾವು ನೀರು ನಿಲ್ಲಿಸಿದ ಮೇಲೆ ಅವರು ಹೊರಟರು. ಇದನ್ನು ನಾನು ಅಲ್ಲಿ ನಿಂತು ಅರ್ಥ ಮಾಡಿಕೊಂಡೆ. ನನ್ನ ಕೈಯಿಂದಾದ ತಪ್ಪು ಎಂದು ನರಸಮ್ಮನಿಗೆ ಹೇಳಿದೆ. ಲೆಕ್ಕ ಬರೆಯುವಾಗ ಒಂದು ಕಡೆ ತಿದ್ದಿ ಇನ್ನೊಂದು ಕಡೆ ತಿದ್ದದೆ ಬಿಟ್ಟೆ, ಅದಕ್ಕೇ ನಿಮ್ಮ ನೀರು ನಿಂತಿತು ಎಂದೆ.

"ಬರಿಯಾಗ ಒಮ್ಮಿ ಇಲ್ಲಿ ಬಂದು ನೋಡ್ಬೇಕಿತ್ತು ನೀ" ಎಂದರು ನರಸಮ್ಮ. ಸಿಟ್ಟಿನಿಂದ ಹೇಳಲಿಲ್ಲ. ಮತ್ತೆ ಬಟ್ಟಲು ಎತ್ತಿಕೊಂಡರು.

ಮರುದಿನ ಬೆಳಿಗ್ಗೆ ಬೀದರಿಗೆ ಬಂದು ಬಿಲ್ಡ್ ಫೈಲ್ ತೆರೆದೆ. ಹೊಸ ಕಂಪೈಲರಿನ ಭಾಗದಲ್ಲಿ, ಪ್ರೋಗ್ರಾಮು ಅವಲಂಬಿಸಿರುವ ಫೈಲುಗಳ ಸಾಲಿನಲ್ಲಿ ಆ ಹೆಡರ್ ಫೈಲಿನ ಹೆಸರು ಇತ್ತು. ಹಳೆಯ ಕಂಪೈಲರಿನ ಭಾಗದಲ್ಲಿ ಇರಲಿಲ್ಲ. ಜನವರಿಯಲ್ಲಿ ಬರೆಯುವಾಗ ಬಿಟ್ಟುಹೋಗಿತ್ತು. ಹೆಡರ್ ಬದಲಾದದ್ದು ಔರಾದಿನ ಪ್ರೋಗ್ರಾಮಿಗೆ ಸಂಬಂಧಿಸಿದ್ದೆಂದು ಟೂಲಿಗೆ ಯಾರೂ ಹೇಳಿರಲಿಲ್ಲ. ಅದು ತನಗೆ ಹೇಳಿದ್ದನ್ನಷ್ಟೇ ನೋಡಿ, ಏನೂ ಬದಲಾಗಿಲ್ಲ ಎಂದಿತ್ತು. ಆ ಹೆಸರು ಸೇರಿಸಲು ಅರ್ಧ ನಿಮಿಷ ಸಾಕಾಯಿತು. ತಯಾರಾಗಿದ್ದ ಹಳೆಯ ಫೈಲುಗಳನ್ನೆಲ್ಲ ಅಳಿಸಿ, ಮೂರನ್ನೂ ಮೊದಲಿನಿಂದ ಕಂಪೈಲ್ ಮಾಡಿದೆ. ಈ ಸಲ ಔರಾದಿನ ಸಾಲುಗಳೂ ಪರದೆಯ ಮೇಲೆ ಹರಿದವು. ಪಕ್ಕದಲ್ಲಿ ಯಾರಾದರೂ ಒಬ್ಬರು ಇದೇ ಕೆಲಸದವರು ಕೂತಿದ್ದರೆ, ಮಾರ್ಚಿನಲ್ಲಿ ಆ ಸಾಲುಗಳು ಬರಲಿಲ್ಲವಲ್ಲ ಎಂದು ಕೇಳುತ್ತಿದ್ದರೇನೋ. ಔರಾದಿಗೆ ಹೊಸ ಫ್ಲಾಪಿ ತಯಾರಿಸಿ, ಈ ಸಲ ತಾರೀಖು ನೋಡಿಯೇ ಕಳಿಸಿದೆ.

ವಿಶ್ವನಾಥ ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಮೊದಲು ಮಾಡಿದ್ದು ನಾಲ್ಕೂ ಜಾಗಗಳಿಗೆ ಗಾಡಿ ಕಳಿಸಿದ್ದು. ಆಮೇಲೆ ನನ್ನನ್ನು ಕೂರಿಸಿ ಮಾತಾಡಿದರು. ಅವರು ಕೆಟ್ಟವರಲ್ಲ. ನನ್ನನ್ನು ಉಳಿಸಬೇಕೆಂದೇ ನೋಡಿದರು.

"ಕಂಪ್ಯೂಟರ್ ಮಿಸ್ಟೇಕ್ ಅಂತ ಒಂದು ಚೀಟಿ ಬರೀರಿ, ಸಾಕು. ಹಳೇ ಮಷೀನ್ ಅದ, ಯಾರೂ ಕೇಳೂದಿಲ್ಲ."

"ಮಷೀನ್ ಸರಿ ಇತ್ತು ಸರ್. ನಂದು ತಪ್ಪು."

"ಗೊತ್ತಾಯ್ತ್ರಿ. ಆದ್ರ ಅದು ನಿಮ್ಮದು ಅಂತ ಬರದ್ರ ಯಾರಿಗಿ ತಿಳೀತದ?"

ನಿಜವಾಗಿಯೂ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಮಾಡಿದ್ದು ಎಷ್ಟು ಸಣ್ಣದು, ಎಷ್ಟು ದೊಡ್ಡದು ಎಂದು ಅಳೆಯಬಲ್ಲವರು ಆ ಜಿಲ್ಲೆಯಲ್ಲಿ ನನಗೆ ಗೊತ್ತಿದ್ದವರಲ್ಲಿ ಒಬ್ಬರೂ ಇರಲಿಲ್ಲ. ಬೈಯಬಲ್ಲವರೂ ಇಲ್ಲ, ಪರವಾಗಿಲ್ಲ ಎನ್ನಬಲ್ಲವರೂ ಇಲ್ಲ. ಆ ವಾರ ಅಪ್ಪ ಫೋನಿನಲ್ಲಿ ಏನು ಕೆಲಸ ಮಾಡಿದೆ ಎಂದು ಕೇಳಿದಾಗ, "ಒಂದು ಹೆಸರು ಬರೀಲಿಕ್ಕೆ ಮರತಿದ್ದೆ ರಿ ಅಪ್ಪಾ, ಅದನ್ನ ಬರದೆ" ಎಂದೆ. "ಛಲೋ ಆಯ್ತು ಬಿಡು" ಎಂದರು ಅವರು.

ವರದಿಯನ್ನು ಇದ್ದದ್ದು ಇದ್ದ ಹಾಗೆ ಬರೆದು, ನನ್ನ ಸಹಿ ಹಾಕಿ ಕೊಟ್ಟೆ. ಸರ್ ತೆಗೆದುಕೊಂಡು ಡ್ರಾಯರಿನಲ್ಲಿಟ್ಟರು.

ಮೈಬೂಬ್‌ಸಾಬರ ಮನೆ ಬೀದರಿನ ಹಳೆಯ ಊರಿನೊಳಗೆ ಇತ್ತು. ಹುಡುಕಿಕೊಂಡು ಹೋದೆ. ಚಹಾ ಕೊಟ್ಟು, ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿದರು. ಕ್ಷಮೆ ಕೇಳಿದಾಗ ತಲೆ ಅಲ್ಲಾಡಿಸಿದರು.

"ಇಲ್ಲಿ ನನ ಮನ್ಯಾಗ ಹೇಳಿದ್ರ ಏನ್ ಆಗ್ತದ್ರಿ? ನನ ಮನಿ ಮಂದಿಗಿ ಮೊದ್ಲೇ ಗೊತ್ತದ. ನನ ಇಜ್ಜತ್ ಹೋಗಿದ್ದು ಗೋದಾಮಿನಾಗ, ಹದಿಮೂರು ಮಂದಿ ಮುಂದ. ಅಲ್ಲಿ ಹೇಳ್ರಿ."

ಮಾರನೆಯ ದಿನ ಬೆಳಿಗ್ಗೆ, ಗಾಡಿಗಳು ಹೊರಡುವ ಮುಂಚೆ, ಗೋದಾಮಿನ ಅಂಗಳದಲ್ಲಿ ಎಲ್ಲ ಚಾಲಕರೂ ನಿಂತಿದ್ದರು. ಮೈಬೂಬ್‌ಸಾಬ್ ಹಿಂದೆ, ಗೋಡೆಯ ಹತ್ತಿರ ಇದ್ದರು. ನಾನು ಇದುವರೆಗೆ ಕಾಲೇಜುಗಳಲ್ಲಿ, ಸಭೆಗಳಲ್ಲಿ ಸಾಕಷ್ಟು ಮಾತಾಡಿದ್ದೇನೆ. ಅಂದಿನಷ್ಟು ಕಷ್ಟ ಮತ್ತೆಂದೂ ಆಗಿಲ್ಲ. ಕಂಪೈಲರ್, ಹೆಡರ್ ಎಂಬ ಮಾತು ಬಿಟ್ಟು ಹೇಳಿದೆ. ಮೈಬೂಬ್‌ಸಾಬ್ ದಿನವೂ ನೀರು ಒಯ್ದು ಕೊಟ್ಟಿದ್ದಾರೆ. ಔರಾದಿನ ಹಳೆಯ ಯಂತ್ರಕ್ಕೆ ಮೂವತ್ತೆರಡು ಸಾವಿರ ಚಿಲ್ಲರೆಗಿಂತ ದೊಡ್ಡ ಲೆಕ್ಕ ಹಿಡಿಯುತ್ತಿರಲಿಲ್ಲ. ಹಿಡಿಯುವ ಹಾಗೆ ಮಾಡಿದ್ದೇನೆಂದು ತಿಳಿದಿದ್ದೆ, ಮಾಡಿರಲಿಲ್ಲ. ಸರ್ ಕೇಳಿದಾಗ ಅಲ್ಲಿಗೆ ಹೋಗಿ ನೋಡದೆಯೇ ಸರಿ ಇದೆ ಎಂದೆ. ಅವರು ಕಳ್ಳತನ ಮಾಡಿಲ್ಲ. ನಾನು ಸುಳ್ಳು ಹೇಳಿದ ಹಾಗಾಯಿತು.

ಆಮೇಲೆ ಒಬ್ಬ ಚಾಲಕ ಕೇಳಿದ.

"ಅಂದ್ರ ನಾವು ಜಾಸ್ತಿ ನೀರ್ ಒಯ್ದಷ್ಟೂ ನಿಮ್ಮಲ್ಲಿ ಕಮ್ಮಿ ಬರ್ತಿತ್ತೇನ್ರಿ?"

"ಹೌದ್ರಿ" ಎಂದೆ.

ಅವನು ಮೈಬೂಬ್‌ಸಾಬರ ಕಡೆ ತಿರುಗಿ ನೋಡಿದ. ಉಳಿದವರೂ ನೋಡಿದರು. ವಿಶ್ವನಾಥ ಸರ್ ಕೀಲಿ ತಂದುಕೊಟ್ಟರು. ಮೈಬೂಬ್‌ಸಾಬ್ ಅದನ್ನು ತೆಗೆದುಕೊಂಡು, ನನ್ನ ಮುಂದೆಯೇ ಹಾದು ಗಾಡಿ ಹತ್ತಿದರು. ಹತ್ತುವಾಗ, "ಚಿಂತಾಕಿಗಿ ಹೋಗ್ತೇನ್ರಿ ಮೇಡಂ" ಎಂದಷ್ಟೇ ಹೇಳಿದರು.

ಸುಮಾರು ಹತ್ತು ದಿನದ ನಂತರ ಸರ್ ತಾವೇ ಆ ಓಣಿಗೆ ಹೋಗಿ ಬಂದರು. ಬಂದು, "ಅಲ್ಲೀ ಭಾಳ ಮನಿ ಕೀಲಿ ಹಾಕ್ಯಾವ. ಲಿಸ್ಟು ಪೂರಾ ತಪ್ಪೇನ್ ಇರ್ಲಿಲ್ಲ ಬಿಡ್ರಿ" ಎಂದರು. ಸಮಾಧಾನ ಮಾಡಲು ಹೇಳಿದ ಮಾತು. ಬೀಗ ಬಿದ್ದದ್ದು ಪಟ್ಟಿ ಬಂದ ಮೇಲೆ ಎಂದು ನಾನು ಹೇಳಿದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ ಡ್ರಾಯರಿನಿಂದ ನನ್ನ ವರದಿ ತೆಗೆದು, ಮೊದಲ ಸಲ ಅದನ್ನು ಓದಲು ಶುರು ಮಾಡಿದರು.

ನಾಲ್ಕರಲ್ಲಿ ಒಂದು ಜಾಗದ ವಿಷಯ ಮಾತ್ರ ಮೈಬೂಬ್‌ಸಾಬ್ ಬಂದು ಕೇಳಿದ್ದರಿಂದ ತಿಳಿಯಿತು. ಉಳಿದ ಮೂರಕ್ಕೆ ಯಾರೂ ಬಂದು ಕೇಳಿರಲಿಲ್ಲ. ಮೇ ತಿಂಗಳಲ್ಲಿ ರಜೆ ಹಾಕಿ ಅವಕ್ಕೂ ನಾನೇ ಹೋದೆ. ಎರಡರಲ್ಲಿ ಜನ ಸಿಕ್ಕರು. ಹೇಳಿದೆ, ಕೆಲವರು ಬೈದರು, ಕೆಲವರು ನಾಳೆ ಗಾಡಿ ಬರುತ್ತದೋ ಇಲ್ಲವೋ ಎಂದಷ್ಟೇ ಕೇಳಿದರು. ಮೂರನೆಯದು ಮಹಾರಾಷ್ಟ್ರದ ಗಡಿಯ ಹತ್ತಿರ, ಹೊಲಗಳ ನಡುವೆ ಐದು ಮನೆ. ಐದಕ್ಕೂ ಬೀಗ. ನಾವು ಮತ್ತೆ ಕಳಿಸಲು ಶುರು ಮಾಡಿದ ಟ್ಯಾಂಕರ್ ಎರಡು ದಿನ ಅಲ್ಲಿಗೆ ಬಂದು, ತೆಗೆದುಕೊಳ್ಳುವವರಿಲ್ಲದೆ ವಾಪಸು ಹೋಗಿತ್ತಂತೆ. ಅಂಗಳದಲ್ಲಿ ಒಲೆಯ ಬೂದಿ ಇನ್ನೂ ಗಾಳಿಗೆ ಹಾರಿರಲಿಲ್ಲ. ಅಲ್ಲಿದ್ದವರ ಹೆಸರು ಏನೆಂದು ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ನಮ್ಮ ದಾಖಲೆಯಲ್ಲಿ ಆ ಜಾಗಕ್ಕೆ ಒಂದು ಸಂಖ್ಯೆ ಮಾತ್ರ ಇತ್ತು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಒಂದು ಮನೆಯ ಕಟ್ಟೆಯ ಮೇಲೆ ಕೂತೆ. ಅಷ್ಟು ಒಂಟಿಯಾಗಿ ನಾನು ಚಿದ್ರಿಯ ಕೋಣೆಯಲ್ಲೂ ಯಾವತ್ತೂ ಕೂತಿರಲಿಲ್ಲ.

ಆ ವರ್ಷದ ಮಳೆ ಶುರುವಾದ ಮೇಲೆ ಚಿಂತಾಕಿ ಓಣಿಯ ಹನ್ನೊಂದು ಮನೆಗಳಲ್ಲಿ ಏಳು ಮನೆಯವರು ವಾಪಸು ಬಂದರೆಂದು ಮೈಬೂಬ್‌ಸಾಬ್ ಹೇಳಿದರು. ನರಸಮ್ಮನ ಮಗ ಬರಲಿಲ್ಲ. ಮೊಮ್ಮಗಳನ್ನು ಅಲ್ಲಿ ಯಾವುದಾದರೂ ಶಾಲೆಗೆ ಹಾಕಿದರೇ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.

ಇದಾಗಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಈಗ ನಾನು ಬೀದರಿನಲ್ಲೇ ತಾಂತ್ರಿಕ ಶಿಕ್ಷಣದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಎರಡು ಕಂಪೈಲರುಗಳಿಗೆ ಒಂದೇ ಬಿಲ್ಡ್ ಹೇಗೆ ಬರೆಯಬೇಕು, ಅವಲಂಬನೆಗಳನ್ನು ಕೈಯಿಂದ ಬರೆಯದೆ ಕಂಪೈಲರಿನಿಂದಲೇ ಹೇಗೆ ಬರೆಸಬೇಕು, ಕಳಿಸುವ ಮುಂಚೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಯಾಕೆ ಕಟ್ಟಬೇಕು ಎಂದೆಲ್ಲ ಕಲಿಸುತ್ತೇನೆ. ಇವು ಪುಸ್ತಕದಲ್ಲೂ ಸಿಗುತ್ತವೆ. ಪುಸ್ತಕದಲ್ಲಿ ಇಲ್ಲದ ಒಂದನ್ನು ಆ ಬೇಸಿಗೆ ಕಲಿಸಿತು. ಏನೂ ಇಲ್ಲ ಎನ್ನುವುದಕ್ಕೂ ನನಗೆ ಗೊತ್ತಿಲ್ಲ ಎನ್ನುವುದಕ್ಕೂ ನಾನು ಒಂದೇ ಸೊನ್ನೆ ಬಳಸಿದ್ದೆ. ನೋಡಲಾಗದ್ದನ್ನು, ಅರ್ಥವಾಗದ್ದನ್ನು ಸೊನ್ನೆ ಎಂದು ಬರೆದರೆ ಲೆಕ್ಕ ಅಚ್ಚುಕಟ್ಟಾಗಿ ಕಾಣುತ್ತದೆ. ಮನುಷ್ಯರು ಅದರೊಳಗೆ ಕಾಣೆಯಾಗುತ್ತಾರೆ.

ಆ ಮೇ ತಿಂಗಳಲ್ಲೇ ಪಟ್ಟಿಯ ಪ್ರೋಗ್ರಾಮಿನಿಂದ ಆ ಒಂದು ಸಾಲನ್ನು ತೆಗೆದುಹಾಕಿದೆ. ಅಂಕಿ ಸರಿಯಿಲ್ಲದಿದ್ದರೆ, ಅಥವಾ ಸೊನ್ನೆಯೇ ಬಂದಿದ್ದರೆ, ಆ ಊರಿನ ಮುಂದೆ ಅಂಕಿಯ ಬದಲು 'ಹೋಗಿ ನೋಡಬೇಕು' ಎಂದು ಅಚ್ಚಾಗುವ ಹಾಗೆ ಮಾಡಿದೆ. ಯಾರಾದರೂ ಹೋಗಿ ನೋಡಿ ಬರುವವರೆಗೆ ಆ ಊರಿನ ಗಾಡಿ ನಿಲ್ಲಿಸಬಾರದೆಂದು ವಿಶ್ವನಾಥ ಸರ್ ನಿಯಮ ಬದಲಿಸಿದರು. ಬೇಸಿಗೆಯ ಉಳಿದ ವಾರಗಳಲ್ಲಿ ಆ ಎರಡು ಪದಗಳು ಬೇರೆ ಆರು ಊರುಗಳ ಮುಂದೆ ಅಚ್ಚಾದವು. ಆರಕ್ಕೂ ನಮ್ಮಲ್ಲಿ ಯಾರಾದರೊಬ್ಬರು ಹೋದರು. ಆರರಲ್ಲೂ ಜನ ಇದ್ದರು.